ಕಲ್ಯಾಣದಿಂದ ಗುಲ್ಮಾರ್ಗ್‌ಗೆ: ಹಿಮಕ್ಕಿಂತ ಮೊದಲು ಎತ್ತರದ ಲೆಕ್ಕ

ಕಾಶ್ಮೀರಕ್ಕೂ ನಮ್ಮ ಬೀದರ್ ಜಿಲ್ಲೆಗೂ ಹಳೆಯ ನಂಟು. ಹುಮನಾಬಾದ್ ತಾಲ್ಲೂಕಿನ ಮೋಳಕೇರಾಕ್ಕೆ ಹೋದರೆ ಮೋಳಿಗೆ ಮಾರಯ್ಯನ ನೆಲೆ ಎಂದು ತೋರಿಸುತ್ತಾರೆ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು, ಹೆಂಡತಿ ಮಹಾದೇವಿಯ ಜೊತೆ ಕಲ್ಯಾಣಕ್ಕೆ ಬಂದು, ಕಟ್ಟಿಗೆ ಮಾರಿ ಬದುಕಿದ ಶರಣ ಅವನು ಎಂಬುದು ಪರಂಪರೆಯಿಂದ ಬಂದ ಮಾತು. ಅದಕ್ಕೂ ಮೊದಲು, ಹನ್ನೊಂದನೆಯ ಶತಮಾನದಲ್ಲಿ, ಶ್ರೀನಗರದ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿದ ಕವಿ ಬಿಲ್ಹಣ ಊರೂರು ಅಲೆದು ಕಡೆಗೆ ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನ ಸೇರಿದ. ಅಲ್ಲಿ ಕುಳಿತು ‘ವಿಕ್ರಮಾಂಕದೇವಚರಿತ’ ಬರೆದ.

ಆ ದಾರಿಯಲ್ಲಿ ಬಂದವರೆಲ್ಲ ನಡೆದೋ, ಕುದುರೆ ಏರಿಯೋ, ತಿಂಗಳುಗಟ್ಟಲೆ ವರ್ಷಗಟ್ಟಲೆ ಹಾದಿ ಸವೆಸಿ ಬಂದವರು. ಈಗ ನಾವು ಅದೇ ದಾರಿಯನ್ನು ತಿರುಗಿಸಿ ಒಂದೇ ದಿನದಲ್ಲಿ ಮುಗಿಸುತ್ತೇವೆ. ನಸುಕಿಗೆ ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಹೈದರಾಬಾದ್, ಅಲ್ಲಿಂದ ವಿಮಾನ, ಸಂಜೆಯೊಳಗೆ ಶ್ರೀನಗರ. ಸ್ವಲ್ಪ ಅವಸರ ಮಾಡಿದರೆ ರಾತ್ರಿ ಊಟ ಗುಲ್ಮಾರ್ಗ್‌ನಲ್ಲೇ.

ತೊಂದರೆ ಶುರುವಾಗುವುದು ಈ ಅವಸರದಿಂದಲೇ.

ನಮ್ಮೂರ ಎತ್ತರ ಎಷ್ಟು?

ಬಸವಕಲ್ಯಾಣ, ಹುಮನಾಬಾದ್ ಎರಡೂ ಸಮುದ್ರಮಟ್ಟದಿಂದ 600 ಮೀಟರ್‌ಗೆ ಸ್ವಲ್ಪ ಮೇಲಿವೆ. ಬೆಂಗಳೂರು ಸುಮಾರು 920 ಮೀಟರ್. ಇಡೀ ಕರ್ನಾಟಕದ ಅತಿ ಎತ್ತರದ ಜಾಗ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ, ಅದೂ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ. ಎತ್ತರದ ಕಾಯಿಲೆ, ಅಂದರೆ ಆಲ್ಟಿಟ್ಯೂಡ್ ಸಿಕ್‌ನೆಸ್, ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಹಾಗಾಗಿ ಕರ್ನಾಟಕ ಬಿಟ್ಟು ಹೊರಗೆ ಹೋಗದವರಿಗೆ ಇದು ಹೇಗಿರುತ್ತದೆ ಎಂದು ಗೊತ್ತಾಗುವ ಸಂದರ್ಭವೇ ಬರುವುದಿಲ್ಲ. ನಮ್ಮ ಮನೆಗಳಲ್ಲಿ ನೆಗಡಿಗೆ ಕಷಾಯ ಇದೆ, ಹೊಟ್ಟೆನೋವಿಗೆ ಅಜವಾನ ಇದೆ. ಎತ್ತರಕ್ಕೆ ಮಾತ್ರ ಅಜ್ಜಿಯ ಮದ್ದು ಇಲ್ಲ.

ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿಂದ ಕೇಬಲ್ ಕಾರ್, ಅವರ ಮಾತಿನಲ್ಲಿ ಗೊಂಡೋಲಾ, ಎರಡು ಹಂತದಲ್ಲಿ ಮೇಲೇರುತ್ತದೆ. ಮೊದಲ ಹಂತ ಕೊಂಗ್‌ಡೋರಿ, ಮೂರು ಸಾವಿರ ಮೀಟರ್‌ಗೆ ಸ್ವಲ್ಪ ಮೇಲೆ. ಎರಡನೇ ಹಂತ ಅಫರ್ವಾಟ್ ಶಿಖರದ ಹೆಗಲಿಗೆ, 3,950 ಮೀಟರ್ ಆಸುಪಾಸಿಗೆ. ಮೊದಲ ಹಂತ 1998ರಲ್ಲಿ, ಎರಡನೆಯದು 2005ರಲ್ಲಿ ಶುರುವಾಯಿತು. ಕೆಳಗಿನಿಂದ ತುದಿಗೆ ಕೂತು ಹೋಗುವ ಸಮಯ ಅರ್ಧ ಗಂಟೆಯೂ ಆಗುವುದಿಲ್ಲ. ಅಷ್ಟರಲ್ಲಿ ಏರಿದ್ದು 1,300 ಮೀಟರ್. ಎರಡು ಬಸವಕಲ್ಯಾಣ ಒಂದರ ಮೇಲೊಂದು ಇಟ್ಟಷ್ಟು.

ಇನ್ನು ಗಾಳಿಯ ಮಾತು. ‘ಮೇಲೆ ಆಕ್ಸಿಜನ್ ಇರೋದಿಲ್ಲ’ ಎಂದು ಜನ ಹೇಳುತ್ತಾರಲ್ಲ, ಅದು ಅರ್ಧ ಸತ್ಯ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಇಲ್ಲೂ ಒಂದೇ, ಸುಮಾರು ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. ಒತ್ತಡ ಇಳಿದರೆ ಒಂದೊಂದು ಉಸಿರಿಗೂ ಒಳಗೆ ಹೋಗುವ ಆಮ್ಲಜನಕ ಕಡಿಮೆ. ಗುಲ್ಮಾರ್ಗ್‌ನಲ್ಲಿ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕೂ ಸ್ವಲ್ಪ ಕಡಿಮೆ. ಅಫರ್ವಾಟ್ ಮೇಲೆ ಶೇ. 62ರ ಹತ್ತಿರ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ: ಉಸಿರು ಆಳವಾಗುತ್ತದೆ, ಎದೆಬಡಿತ ಏರುತ್ತದೆ, ಮೂತ್ರಪಿಂಡ ರಕ್ತದ ಆಮ್ಲ-ಕ್ಷಾರದ ಸಮತೋಲ ತಿದ್ದುತ್ತದೆ. ಆದರೆ ಇದಕ್ಕೆ ಗಂಟೆಗಳಲ್ಲ, ದಿನಗಳು ಬೇಕು.

ಎಂಟು ಜನ, ಎಂಟು ಲೆಕ್ಕ

ಜನವರಿಯ ಕೊನೆಯ ವಾರ ನಾವು ಹೊರಟಿದ್ದು ಎಂಟು ಜನ. ಬಸವಕಲ್ಯಾಣದ ನಮ್ಮ ಮನೆಯಿಂದ ಅಪ್ಪ, ಅವ್ವ, ನಾನು, ಹೆಂಡತಿ, ಎಂಟು ವರ್ಷದ ಮಗಳು. ಹುಮನಾಬಾದಿನ ಅಕ್ಕನ ಮನೆಯಿಂದ ಅಕ್ಕ, ಭಾವ, ಬೆಂಗಳೂರಲ್ಲಿ ಕೆಲಸ ಮಾಡುವ ಅವರ ಮಗ. ಮಗಳಿಗೆ ಸ್ಕೀಯಿಂಗ್ ಕಲಿಯಬೇಕಿತ್ತು. ಅಳಿಯನಿಗೆ ಅಫರ್ವಾಟ್ ಮೇಲೆ ನಿಂತು ರೀಲ್ ಮಾಡಬೇಕಿತ್ತು. ಅಪ್ಪನಿಗೆ ಒಮ್ಮೆಯಾದರೂ ಹಿಮ ಕೈಯಲ್ಲಿ ಹಿಡಿಯಬೇಕಿತ್ತು. ಅವರಿಗೆ 67 ವರ್ಷ, ಬಿ.ಪಿ. ಇದೆ.

ಟಿಕೆಟ್ ಮಾಡುವ ಮೊದಲು ಅಪ್ಪನನ್ನು ಅವರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಇ.ಸಿ.ಜಿ. ಆಯಿತು, ರಕ್ತ ಪರೀಕ್ಷೆ ಆಯಿತು. ‘ಬಿ.ಪಿ. ಹತೋಟಿಯಲ್ಲಿದೆ, ಗುಲ್ಮಾರ್ಗ್ ತನಕ ಹೋಗಿ ಬರ್ಲಿ. ಮಾತ್ರೆ ಒಂದಿನಾನೂ ತಪ್ಪಿಸಬೇಡಿ. ನಾಲ್ಕು ಸಾವಿರ ಮೀಟರ್ ಮಾತ್ರ ಈ ಸಲ ಬೇಡ’ ಎಂದರು. ಆ ಒಂದು ಮಾತು ಮುಂದೆ ಬಹಳ ಕೆಲಸಕ್ಕೆ ಬಂತು.

ಇಲ್ಲಿ ಒಂದು ವಿಷಯ ತಿಳಿದಿರಲಿ. ವಯಸ್ಸಾದವರಿಗೆ ಎತ್ತರದ ಕಾಯಿಲೆ ಹೆಚ್ಚು, ಯುವಕರಿಗೆ ಕಡಿಮೆ ಎಂಬುದು ಸುಳ್ಳು. ದಿನಾ ಜಿಮ್‌ಗೆ ಹೋಗುವವರಿಗೆ ಬರುವುದಿಲ್ಲ ಎಂಬುದೂ ಸುಳ್ಳು. ಫಿಟ್‌ನೆಸ್ ಎತ್ತರದಿಂದ ಕಾಯುವುದಿಲ್ಲ. ಗಟ್ಟಿಮುಟ್ಟಾದವರು ಬೇಗ ಏರುತ್ತಾರೆ, ಮೊದಲ ದಿನವೇ ಹೆಚ್ಚು ದಣಿಯುತ್ತಾರೆ, ತಲೆನೋವು ಬಂದರೆ ಹೇಳುವುದಿಲ್ಲ. ವಯಸ್ಸಾದವರ ಚಿಂತೆ ಬೇರೆ: ಮೊದಲೇ ಇರುವ ಹೃದಯ, ಶ್ವಾಸಕೋಶದ ತೊಂದರೆ ಎತ್ತರದಲ್ಲಿ ಕೆರಳಬಹುದು. ಗರ್ಭಿಣಿಯರು, ತೀವ್ರ ರಕ್ತಹೀನತೆ ಇರುವವರು, ಅಸ್ತಮಾ ಇರುವವರು, ಹಿಂದೆ ಒಮ್ಮೆ ಎತ್ತರದಲ್ಲಿ ಒದ್ದಾಡಿದವರು ಡಾಕ್ಟರ್ ಹತ್ತಿರ ಮಾತಾಡಿಯೇ ಹೊರಡಬೇಕು.

ಡೈಮಾಕ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರೊಳಗಿನ ಔಷಧ ಅಸೆಟಜೋಲಮೈಡ್. ಏರುವ ಹಿಂದಿನ ದಿನ ಶುರುಮಾಡಿ ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ ಕೊಡುತ್ತಾರೆ. ಮಕ್ಕಳಿಗೆ ತೂಕ ನೋಡಿ ಡಾಕ್ಟರೇ ನಿರ್ಧರಿಸಬೇಕು. ಸಲ್ಫಾ ಔಷಧ ಒಗ್ಗದವರು ಮೊದಲೇ ಹೇಳಬೇಕು. ತಗೊಂಡರೆ ಬೆರಳ ತುದಿ ಜುಮುಜುಮು ಅನ್ನುತ್ತದೆ, ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಸೋಡಾ ರುಚಿ ಕೆಡುತ್ತದೆ. ಶ್ರೀನಗರದಲ್ಲಿ ತಂಗಿ ನಂತರ ಗುಲ್ಮಾರ್ಗ್‌ಗೆ ಹೋಗುವ, ಹಿಂದೆ ತೊಂದರೆ ಆಗದ ಆರೋಗ್ಯವಂತರಿಗೆ ಇದು ಬೇಕಾಗುವುದು ಕಡಿಮೆ. ಲೇಹ್‌ಗೆ ವಿಮಾನದಲ್ಲಿ ನೇರವಾಗಿ ಇಳಿಯುವವರ ಲೆಕ್ಕ ಬೇರೆ. ಅದು ಸುಮಾರು 3,500 ಮೀಟರ್. ನಮ್ಮ ಡಾಕ್ಟರ್ ನಮಗೆ ಮಾತ್ರೆ ಬರೆಯಲಿಲ್ಲ. ‘ಶ್ರೀನಗರದಲ್ಲಿ ಎರಡು ರಾತ್ರಿ ಇರ್ರಿ, ಅದೇ ಔಷಧ’ ಎಂದರು.

ಶ್ರೀನಗರದ ಎರಡು ರಾತ್ರಿ

ಶ್ರೀನಗರ ಸುಮಾರು 1,600 ಮೀಟರ್. ಎತ್ತರದ ಕಾಯಿಲೆ ಬರುವ ಮಟ್ಟಕ್ಕಿಂತ ಕೆಳಗೆ, ನಮ್ಮೂರಿಗಿಂತ ಸಾವಿರ ಮೀಟರ್ ಮೇಲೆ. ನಡುವೆ ಇಟ್ಟ ಮೆಟ್ಟಿಲಿನ ಹಾಗೆ. ಪ್ಯಾಕೇಜ್ ಮಾಡುವವರು ‘ಶ್ರೀನಗರ ಕೊನೆಗೆ ಇಟ್ಟುಕೊಳ್ಳಿ, ಶಾಪಿಂಗ್‌ಗೆ ಅನುಕೂಲ’ ಎನ್ನುತ್ತಾರೆ. ನಾವು ಮೊದಲಿಗೇ ಇಟ್ಟುಕೊಂಡೆವು. ದಾಲ್ ಸರೋವರ, ಶಂಕರಾಚಾರ್ಯ ಬೆಟ್ಟ, ಉಪ್ಪು ಹಾಕಿದ ನಸುಗೆಂಪು ನೂನ್ ಚಾಯ್. ಚಿಲ್ಲೈ ಕಲಾನ್ ಎಂದು ಕರೆಯುವ ನಲವತ್ತು ದಿನಗಳ ಕಡು ಚಳಿ ಮುಗಿಯುತ್ತ ಬಂದಿತ್ತು, ಆದರೂ ಸರೋವರದ ಅಂಚಿನಲ್ಲಿ ಮಂಜುಗಡ್ಡೆ ಇತ್ತು. ಅವ್ವ ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದರೆ ಹೋಟೆಲಿನ ಹುಡುಗರೂ ರುಚಿ ನೋಡಿದರು.

ಅಳಿಯ ಮಾತ್ರ ಈ ಎರಡು ರಾತ್ರಿ ನಮ್ಮ ಜೊತೆ ಇರಲಿಲ್ಲ. ಆಫೀಸಿನಲ್ಲಿ ರಜೆ ಸಿಕ್ಕಿದ್ದೇ ಅಷ್ಟು. ಮೂರನೇ ದಿನ ಬೆಳಿಗ್ಗೆ ಬೆಂಗಳೂರಿಂದ ಹೊರಟು, ಮಧ್ಯಾಹ್ನ ಶ್ರೀನಗರದಲ್ಲಿ ಇಳಿದು, ನೇರ ನಮ್ಮ ಗಾಡಿ ಹತ್ತಿದ. ಶ್ರೀನಗರದಿಂದ ಗುಲ್ಮಾರ್ಗ್ ಐವತ್ತು ಕಿಲೋಮೀಟರ್ ಅಷ್ಟೇ. ಟಂಗ್‌ಮಾರ್ಗ್ ತನಕ ಬಯಲು, ಗದ್ದೆ, ಪಾಪ್ಲರ್ ಮರಗಳ ಸಾಲು. ಅಲ್ಲಿಂದ ಮುಂದಿನ ಹದಿಮೂರು ಕಿಲೋಮೀಟರ್ ಘಟ್ಟ. ಹಿಮ ಬಿದ್ದ ದಿನ ಟೈರಿಗೆ ಸರಪಳಿ ಕಟ್ಟಿದ ಗಾಡಿಗೆ ಬದಲಾಯಿಸಬೇಕು. ತಿರುವು ತಿರುವಿಗೂ ದೇವದಾರು ಮರ, ಕೊಂಬೆಗಳ ಮೇಲೆ ಹಿಮ. ಸಂಜೆಗೆ ಮೇಲೆ ಮುಟ್ಟಿದಾಗ ಅಳಿಯ ಒಂದೇ ದಿನದಲ್ಲಿ 1,700 ಮೀಟರ್‌ಗೂ ಹೆಚ್ಚು ಏರಿದ್ದ. ನಾವು ಅದೇ ಎತ್ತರವನ್ನು ಎರಡು ರಾತ್ರಿ ಮಲಗಿ, ಮೆಟ್ಟಿಲು ಇಟ್ಟು ಏರಿದ್ದೆವು.

ಮೊದಲ ರಾತ್ರಿ

ಈ ಕಾಯಿಲೆಯ ಮೋಸ ಏನೆಂದರೆ, ಮುಟ್ಟಿದ ಕೂಡಲೇ ಏನೂ ಆಗುವುದಿಲ್ಲ. ಫೋಟೊ ತೆಗೆದು, ಹಿಮದಲ್ಲಿ ಹೊರಳಾಡಿ, ‘ನನಗೇನೂ ಆಗಲಿಲ್ಲ ನೋಡು’ ಎಂದು ಸ್ಟೇಟಸ್ ಹಾಕುವಷ್ಟು ಸಮಯ ಕೊಡುತ್ತದೆ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆಯೊಳಗೆ, ಹೆಚ್ಚಾಗಿ ಮೊದಲ ರಾತ್ರಿಯೇ ಹಿಡಿಯುತ್ತದೆ. ಮೊದಲು ತಲೆನೋವು. ಜೊತೆಗೆ ಹಸಿವಿಲ್ಲ, ಹೊಟ್ಟೆ ತೊಳಸು, ಸುಸ್ತು, ತಲೆ ಹಗುರಾದಂತೆ. ಹೆಚ್ಚು ಕಡಿಮೆ ಕುಡಿದ ಮರುದಿನದ ಹಾಗೆ.

ಅಳಿಯ ರಾತ್ರಿ ಊಟಕ್ಕೆ ಕೂತವನು ತಟ್ಟೆ ಹಾಗೇ ಬಿಟ್ಟು ಎದ್ದ. ಅಕ್ಕ ಗಮನಿಸಿದಳು.

‘ಏನಿಲ್ಲ ಅವ್ವ, ಜರ್ನಿ ಆಯಾಸ. ಮುಂಜಾನಿಗಿ ಸರಿ ಆಗ್ತದ’ ಎಂದ.

ಹನ್ನೊಂದು ಗಂಟೆಗೆ ವಾಂತಿ ಆಯಿತು. ಆಮೇಲೆ ಒಪ್ಪಿಕೊಂಡ: ‘ಮಾಮಾ, ಸಂಜಿಯಿಂದ ತಲಿ ನೋಯ್ಲತ್ತದ.’

ವಾರಕ್ಕೆ ಮೂರು ದಿನ ಓಡುವ ಹುಡುಗ. ಪಕ್ಕದ ಕೋಣೆಯಲ್ಲಿ ಬಿ.ಪಿ. ಇರುವ ಅಜ್ಜ ಗೊರಕೆ ಹೊಡೆಯುತ್ತಿದ್ದರು.

ನಾವು ಮೊದಲು ನೋಡಿದ್ದು ಕೋಣೆಯ ಹೀಟರ್. ಇದನ್ನು ಬಹಳ ಜನ ಮರೆಯುತ್ತಾರೆ. ಕಟ್ಟಿಗೆ ಬುಖಾರಿ, ಗ್ಯಾಸ್ ಹೀಟರ್, ಕೆಂಡದ ಕಾಂಗ್ಡಿ ಇವನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದರ ಲಕ್ಷಣವೂ ಇದೇ: ತಲೆನೋವು, ವಾಂತಿ, ಸುಸ್ತು. ಕೋಣೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ, ಹೊರಗೆ ಬಂದ ಕೂಡಲೇ ಹಗುರಾದರೆ, ಮೊದಲ ಅನುಮಾನ ಹೀಟರ್ ಮೇಲಿರಲಿ. ನಮ್ಮ ಕೋಣೆಗಳಲ್ಲಿ ಇದ್ದದ್ದು ಕರೆಂಟಿನ ಹೀಟರ್, ಹಾಸಿಗೆಗೆ ಎಲೆಕ್ಟ್ರಿಕ್ ಕಂಬಳಿ. ಆ ಚಿಂತೆ ತಪ್ಪಿತು.

ಮನೆಯ ಅಂಕಪಟ್ಟಿ

ಡಾಕ್ಟರುಗಳು ಬಳಸುವ ಲೇಕ್ ಲೂಯಿಸ್ ಅಂಕಪಟ್ಟಿ ಎಂಬುದೊಂದಿದೆ. ಕೆನಡಾದ ಆ ಊರಿನ ಹೆಸರಲ್ಲಿ ಶುರುವಾಗಿ, 2018ರಲ್ಲಿ ಪರಿಷ್ಕಾರ ಆದದ್ದು. ಬಹಳ ಸರಳ, ಫೋನಿನ ನೋಟ್ಸಿನಲ್ಲಿ ಬರೆದಿಟ್ಟುಕೊಳ್ಳಬಹುದು. ನಾಲ್ಕು ಪ್ರಶ್ನೆ:

- ತಲೆನೋವು ಎಷ್ಟು?
- ಹೊಟ್ಟೆ ಹೇಗಿದೆ? ಹಸಿವಿಲ್ಲವೇ, ತೊಳಸುತ್ತಿದೆಯೇ, ವಾಂತಿಯೇ?
- ಸುಸ್ತು ಎಷ್ಟು?
- ತಲೆಸುತ್ತು ಎಷ್ಟು?

ಒಂದೊಂದಕ್ಕೂ ಸೊನ್ನೆಯಿಂದ ಮೂರರ ತನಕ ಅಂಕ. ಇತ್ತೀಚೆಗೆ ಎತ್ತರ ಏರಿದವರಿಗೆ ತಲೆನೋವು ಇದ್ದು, ಒಟ್ಟು ಮೂರು ಅಥವಾ ಹೆಚ್ಚು ಬಂದರೆ ಎತ್ತರದ ಕಾಯಿಲೆ ಎಂದು ತಿಳಿಯುವುದು. ಮೂರರಿಂದ ಐದು ಸೌಮ್ಯ, ಆರರಿಂದ ಒಂಬತ್ತು ಮಧ್ಯಮ, ಅದಕ್ಕೂ ಮೇಲೆ ತೀವ್ರ.

ಅಳಿಯನಿಗೆ ಐದು ಬಂತು. ತಲೆನೋವು ಎರಡು, ಹೊಟ್ಟೆ ಎರಡು, ಸುಸ್ತು ಒಂದು.

ಈ ಅಂಕಪಟ್ಟಿಯ ದೊಡ್ಡ ಉಪಕಾರ ಏನು ಗೊತ್ತಾ? ‘ಹ್ಯಾಂಗಿದ್ದಿ?’ ಎಂದು ಕೇಳಿದರೆ ನಮ್ಮವರು ‘ಆರಾಮ’ ಎಂದೇ ಹೇಳುತ್ತಾರೆ. ‘ತಲೆನೋವಿಗೆ ಸೊನ್ನೆಯೋ, ಒಂದೋ, ಎರಡೋ?’ ಎಂದು ಕೇಳಿದರೆ ನಿಜ ಹೊರಗೆ ಬರುತ್ತದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನಿಗೆ ಗೊಂಡೋಲಾದ ಎರಡನೇ ಹಂತದ ಟಿಕೆಟ್ ಆಗಿತ್ತು. ಆನ್‌ಲೈನಲ್ಲಿ ಮೊದಲೇ ಕಾದು ಹಿಡಿದ ಟಿಕೆಟ್. ಪ್ಯಾರಾಸಿಟಮಾಲ್ ತಗೊಂಡು ಮಲಗಿ ಎದ್ದಾಗ ತಲೆನೋವು ಒಂದಕ್ಕೆ ಇಳಿದಿತ್ತು. ಶೂ ಹಾಕಿಕೊಂಡು ರೆಡಿಯಾಗಿದ್ದ.

‘ಗುಳಗಿ ತಗೊಂಡೀನಿ, ಈಗ ಏನೂ ಇಲ್ಲ. ರೊಕ್ಕ ಸುಮ್ನೆ ಹೋಗ್ತದ.’

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ‘ರೊಕ್ಕ ಹೋದ್ರ ಹೋಗ್ಲಿ. ನೀ ಇವತ್ತ ಮ್ಯಾಲ ಹೋಗಬ್ಯಾಡ.’

ಎತ್ತರದ ಕಾಯಿಲೆಯ ಮೊದಲ ನಿಯಮ ಅಕ್ಕ ಹೇಳಿದ್ದೇ. ಲಕ್ಷಣ ಇರುವಾಗ ಇನ್ನೂ ಮೇಲೆ ಹೋಗಬಾರದು. ಮಾತ್ರೆಯಿಂದ ತಲೆನೋವು ನಿಂತಿತು ಎಂದರೆ ದೇಹ ಹೊಂದಿಕೊಂಡಿತು ಎಂದಲ್ಲ. ಅದೇ ಎತ್ತರದಲ್ಲಿ ಸುಮ್ಮನಿದ್ದರೆ ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ತಾನೇ ಸರಿಹೋಗುತ್ತದೆ. ಹೆಚ್ಚುತ್ತ ಹೋದರೆ ಕೆಳಗೆ ಇಳಿಯಬೇಕು, ಬೇರೆ ದಾರಿ ಇಲ್ಲ. ಮಧ್ಯಾಹ್ನದೊಳಗೆ ಅಂಕ ಏರಿದರೆ ಟಂಗ್‌ಮಾರ್ಗ್‌ಗೆ ಇಳಿಯುವುದೆಂದು ಡ್ರೈವರ್‌ಗೆ ಹೇಳಿಟ್ಟೆವು. ಅಲ್ಲಿಗೆ ಇಳಿದರೆ ನಾನೂರು ಐನೂರು ಮೀಟರ್ ಕಡಿಮೆ, ಅಷ್ಟಕ್ಕೇ ಬಹಳ ಸಲ ಗುಣ ಕಾಣುತ್ತದೆ.

ಅಂದು ಅವನು ಕೋಣೆಯಲ್ಲೇ ಇದ್ದ. ಗಂಜಿ, ಸೂಪು, ನೀರು. ಸಂಜೆಗೆ ಅಂಕ ಒಂದು. ಮರುದಿನ ಬೆಳಿಗ್ಗೆ ಸೊನ್ನೆ, ಎರಡು ಪರಾಠಾ ತಿಂದ.

ಇದು ಅಪರೂಪದ ಕತೆಯಲ್ಲ. ಅಮೆರಿಕದ ಕೊಲೊರಾಡೊದಲ್ಲಿ ಗುಲ್ಮಾರ್ಗ್‌ಗೆ ಹತ್ತಿರದ, ಅದಕ್ಕಿಂತ ಕಡಿಮೆಯ ಎತ್ತರಗಳ ಬೆಟ್ಟದ ರೆಸಾರ್ಟುಗಳಿಗೆ ಬಂದ ಮೂರು ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ನೋಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಈ ಕಾಯಿಲೆ ಕಂಡಿತ್ತು. ಇದರ ಬಗ್ಗೆ ಜಗತ್ತಿಗೆ ಪಾಠ ಹೇಳಿದವರಲ್ಲಿ ನಮ್ಮ ಸೇನೆಯ ಡಾಕ್ಟರುಗಳೂ ಇದ್ದಾರೆ. ಹಿಮಾಲಯದ ಎತ್ತರಕ್ಕೆ ಒಮ್ಮೆಗೇ ಕಳುಹಿಸಿದ 1,925 ಸೈನಿಕರ ಅನುಭವವನ್ನು ಅವರು 1969ರಲ್ಲಿ ಪ್ರಕಟಿಸಿದರು. ಇಂದು ಸೇನೆ 9,000 ಅಡಿಯಿಂದ 12,000 ಅಡಿಯ ನಡುವೆ ಸೈನಿಕರನ್ನು ಆರು ದಿನ ಇರಿಸಿ, ಆಮೇಲಷ್ಟೇ ಮುಂದಿನ ಹಂತಕ್ಕೆ ಬಿಡುತ್ತದೆ. ಗುಲ್ಮಾರ್ಗ್ ಹೆಚ್ಚುಕಡಿಮೆ ಆ ಲೆಕ್ಕ ಶುರುವಾಗುವ ಜಾಗ. ತರಬೇತಿ ಪಡೆದ ಸೈನಿಕರಿಗೇ ಆರು ದಿನ ಬೇಕಾದರೆ, ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂರುವ ನಮಗೆ ಎರಡು ರಾತ್ರಿ ಹೆಚ್ಚಲ್ಲ.

ಆಕ್ಸಿಮೀಟರ್ ತಂದ ಗಾಬರಿ

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಬಹುತೇಕ ಎಲ್ಲರ ಮನೆಯ ಡ್ರಾದಲ್ಲಿದೆ. ನಾವೂ ತಗೊಂಡು ಹೋಗಿದ್ದೆವು. ಅವ್ವ ಸುಮ್ಮನೆ ಬೆರಳಿಟ್ಟು ನೋಡಿದಳು: 91.

‘ಯಪ್ಪಾ, ತೊಂಬತ್ತೊಂದಕ್ಕ ಬಂದದ ನೋಡು! ಆವಾಗ ತೊಂಬತ್ನಾಕಕ್ಕೇ ದವಾಖಾನಿಗಿ ಓಡಿದ್ರು!’

ಅವ್ವನ ಭಯ ಅರ್ಥ ಮಾಡಿಕೊಳ್ಳಬಹುದು. 2021ರ ಬೇಸಿಗೆಯಲ್ಲಿ ಆ ಸಂಖ್ಯೆ ಎಷ್ಟು ಮನೆಗಳ ನಿದ್ದೆ ಕೆಡಿಸಿತು. ಆದರೆ ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗುಲ್ಮಾರ್ಗ್ ಎತ್ತರದಲ್ಲಿ ಆರೋಗ್ಯವಂತರಿಗೂ ತೊಂಬತ್ತರ ಮೇಲೆ ಕೆಳಗೆ ಬರುವುದು ಸಹಜ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಇನ್ನೂ ಕಡಿಮೆ ತೋರಿಸುತ್ತದೆ. ಕೈ ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಕೂತು, ಆಮೇಲೆ ನೋಡಬೇಕು. ಅವ್ವನಿಗೆ ತಲೆನೋವಿಲ್ಲ, ಹಸಿವಿದೆ, ಮಾತು ನಿಂತಿಲ್ಲ. ಹಾಗಿದ್ದರೆ 91 ಕೇವಲ ಒಂದು ಸಂಖ್ಯೆ. ಅಳಿಯನದು ಆ ರಾತ್ರಿ 90 ಇತ್ತು, ಒಂದೇ ವ್ಯತ್ಯಾಸ! ಕಾಯಿಲೆ ಹೇಳಿದ್ದು ಯಂತ್ರವಲ್ಲ, ಬಿಟ್ಟ ತಟ್ಟೆ. ಆದರೆ ಜೊತೆಯವರೆಲ್ಲರಿಗಿಂತ ಒಬ್ಬರದು ಮಾತ್ರ ಬಹಳ ಕಡಿಮೆ ಇದ್ದು, ಕೂತಲ್ಲೇ ಏದುಸಿರು ಬಂದರೆ ಅದನ್ನು ಲಘುವಾಗಿ ನೋಡಬಾರದು.

ಅಂಗಡಿಗಳಲ್ಲಿ ಸಿಗುವ ಸ್ಪ್ರೇ ಡಬ್ಬಿಯ ಆಕ್ಸಿಜನ್ ಕೆಲವು ನಿಮಿಷದ ಸಮಾಧಾನ ಅಷ್ಟೇ. ಕರ್ಪೂರ ಮೂಸಿದರೆ ಎತ್ತರ ಹತ್ತುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಮಕ್ಕಳ ಕೈಗೆ ಸಿಕ್ಕು ನುಂಗಿಬಿಟ್ಟರೆ ಕರ್ಪೂರ ವಿಷ. ನೀರು ಕುಡಿಯಬೇಕು, ಯಾಕೆಂದರೆ ಒಣ ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಆದರೆ ನೀರು ಎತ್ತರದ ಕಾಯಿಲೆಯ ಔಷಧವಲ್ಲ. ಮದ್ಯ, ನಿದ್ದೆ ಮಾತ್ರೆ ಎರಡೂ ಉಸಿರಾಟವನ್ನು ನಿಧಾನ ಮಾಡುತ್ತವೆ. ‘ಚಳಿಗೆ ಒಂದು ಪೆಗ್’ ಮೊದಲೆರಡು ರಾತ್ರಿ ಬೇಡವೇ ಬೇಡ.

ಮಗಳು ಮತ್ತು ಸ್ಕೀ

ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್‌ಗೆ ನೂರು ವರ್ಷದ ಹತ್ತಿರದ ಇತಿಹಾಸ ಇದೆ. ಬ್ರಿಟಿಷ್ ಅಧಿಕಾರಿಗಳು 1927ರಲ್ಲಿ ಇಲ್ಲಿ ಸ್ಕೀ ಕ್ಲಬ್ ಕಟ್ಟಿದರು. ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೂ ಇಲ್ಲೇ ಇದೆ. 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳು ಇಲ್ಲಿ ನಡೆಯುತ್ತಿವೆ. ಹೊಸಬರಿಗೆ ಊರೊಳಗಿನ ಬಟ್ಟಲಿನಂಥ ಬಯಲಿನಲ್ಲೇ ಸಣ್ಣ ಇಳಿಜಾರುಗಳಿವೆ. ಕಲಿಯಲು ಗೊಂಡೋಲಾ ಹತ್ತಬೇಕಿಲ್ಲ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಮೊದಲ ದಿನ ಮಗಳಿಗೆ ಸ್ಕೀ ಕೊಡಿಸಲಿಲ್ಲ. ಹಿಮದ ಉಂಡೆ ಮಾಡಿ ಅಜ್ಜನಿಗೆ ಹೊಡೆಯುವುದಷ್ಟೇ ಆಟ. ಹೊಸ ಎತ್ತರದಲ್ಲಿ ಮೊದಲ ದಿನ ಏದುಸಿರು ಬರುವಷ್ಟು ದಣಿದರೆ ಕಾಯಿಲೆಗೆ ದಾರಿ ಮಾಡಿಕೊಟ್ಟಂತೆ. ಸ್ಕೀ ಬೂಟು ಹಾಕಿ ಬಿದ್ದೆದ್ದು ಇಳಿಜಾರು ಹತ್ತುವುದು ದೊಡ್ಡವರಿಗೇ ಬೆವರಿಳಿಸುವ ಕೆಲಸ. ಎರಡನೇ ದಿನದಿಂದ ಬೆಳಿಗ್ಗೆ ಎರಡು ಗಂಟೆ ಪಾಠ, ನಡುನಡುವೆ ಬಿಸಿ ಹಾಲು. ಮೂರನೇ ದಿನಕ್ಕೆ ಬೀಳದೆ ನಿಲ್ಲಲು ಕಲಿತಳು.

ಮಕ್ಕಳಿಗೂ ದೊಡ್ಡವರಷ್ಟೇ ಈ ಕಾಯಿಲೆ ಬರುತ್ತದೆ. ಆದರೆ ಚಿಕ್ಕ ಮಕ್ಕಳು ‘ತಲೆನೋವು’ ಎನ್ನುವುದಿಲ್ಲ. ಹಠ ಮಾಡುತ್ತವೆ, ತಿನ್ನುವುದಿಲ್ಲ, ಆಡುವುದಿಲ್ಲ, ರಾತ್ರಿ ಅಳುತ್ತವೆ. ನಾವು ಅದನ್ನು ಚಳಿ, ಊಟದ ಬದಲಾವಣೆ, ಮುದ್ದು ಹೆಚ್ಚಾಯಿತು ಎಂದು ತಳ್ಳಿಹಾಕುವ ಸಾಧ್ಯತೆ ಹೆಚ್ಚು. ಎತ್ತರಕ್ಕೆ ಬಂದ ಮೊದಲೆರಡು ದಿನ ಮಗು ಇದ್ದಕ್ಕಿದ್ದಂತೆ ಮಂಕಾದರೆ, ಬೇರೆ ಕಾರಣ ಸಿಗುವ ತನಕ ಎತ್ತರವೇ ಕಾರಣ ಎಂದು ತಿಳಿಯುವುದು ಕ್ಷೇಮ. ಮಗಳು ಎರಡನೇ ರಾತ್ರಿ ಊಟ ಬೇಡ ಎಂದಾಗ ನಮಗೂ ಎದೆ ಧಸಕ್ಕೆಂದಿತು. ಕೇಳಿದರೆ ಹೋಟೆಲಿನ ದಾಲ್ ಖಾರ ಇತ್ತು ಅಷ್ಟೇ. ರೊಟ್ಟಿ ಮುರಿದು ಹಾಲಿಗೆ ಹಾಕಿಕೊಟ್ಟರೆ ಬಟ್ಟಲು ಖಾಲಿ.

ಕಪ್ಪು ಕನ್ನಡಕ ಎಲ್ಲರಿಗೂ ಬೇಕು, ಮಕ್ಕಳಿಗೂ. ಸಾವಿರ ಮೀಟರ್ ಏರಿದರೆ ಸೂರ್ಯನ ಅತಿನೇರಳೆ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಅದರ ಬಹುಪಾಲನ್ನು ಮುಖಕ್ಕೇ ತಿರುಗಿಸುತ್ತದೆ. ಕನ್ನಡಕವಿಲ್ಲದೆ ದಿನವಿಡೀ ಆಡಿದರೆ ರಾತ್ರಿ ಕಣ್ಣಿಗೆ ಮರಳು ಹೊಕ್ಕಂತೆ ಉರಿ.

ಅಪ್ಪ ಮತ್ತು ಎರಡನೇ ಹಂತ

ನಾಲ್ಕನೇ ದಿನ ಆಕಾಶ ತಿಳಿಯಾಗಿತ್ತು. ಎಂಟೂ ಜನ ಕೊಂಗ್‌ಡೋರಿಗೆ ಹೋದೆವು. ಅಪ್ಪ ನಿಧಾನ ನಡೆದರು, ಹಿಮದ ಮೇಲೆ ಹಾಕಿದ ಕುರ್ಚಿಯಲ್ಲಿ ಕೂತು ಕಹ್ವಾ ಕುಡಿದರು. ತಲೆನೋವಿಲ್ಲ, ಎದೆ ಭಾರವಿಲ್ಲ. ಮೇಲೆ ಅಫರ್ವಾಟ್ ಕಡೆ ಹೋಗುವ ಡಬ್ಬಿಗಳನ್ನೇ ನೋಡುತ್ತಿದ್ದರು.

‘ಇಷ್ಟ ದೂರ ಬಂದೀವಿ. ಮತ್ತ ಯಾವಾಗ ಬರ್ತೀನಿ ನಾ?’

ಇಂಥ ಮಾತಿಗೆ ಮಗನ ಹತ್ತಿರ ಉತ್ತರ ಇರುವುದಿಲ್ಲ. ಹೋಗಿ ಹತ್ತು ನಿಮಿಷ ನಿಂತು ಬಂದರೆ ಬಹುಶಃ ಏನೂ ಆಗುತ್ತಿರಲಿಲ್ಲ. ತುದಿಗೆ ಹೋಗಿ ಬೇಗ ಇಳಿದು ಬರುವವರಿಗೆ ಎತ್ತರದ ಕಾಯಿಲೆ ಬಲಿಯಲು ಸಮಯವೇ ಸಿಗುವುದಿಲ್ಲ. ಆದರೆ 67ರ ಹೃದಯಕ್ಕೆ, ಮೈನಸ್ ಹತ್ತರ ಚಳಿಗಾಳಿಯಲ್ಲಿ, ಹಿಮದಲ್ಲಿ ಕಾಲು ಕಿತ್ತಿಟ್ಟು ನಡೆಯುವಾಗ ಬೀಳುವ ಹೊರೆ ಬೇರೆ. ಗಾಳಿ ಜೋರಾದರೆ ಎರಡನೇ ಹಂತ ನಿಲ್ಲಿಸುತ್ತಾರೆ, ಮೇಲೆ ಸಿಕ್ಕಿಕೊಂಡರೆ ಕಾಯಬೇಕು. ‘ಅಪ್ಪಾ, ಡಾಕ್ಟ್ರು ಹೇಳಿದ್ದು ನೆನಪದಲ್ಲ. ನೀವು ಇಲ್ಲೇ ಕೂಡ್ರಿ’ ಎಂದೆ. ಅಳಿಯನೂ ಅಜ್ಜನ ಪಕ್ಕ ಕೂತ. ಎರಡು ದಿನದ ಹಿಂದೆ ವಾಂತಿ ಮಾಡಿದವನು ನೇರ 3,950ಕ್ಕೆ ಹೋಗುವುದು ಅವನಿಗೇ ಬೇಡವೆನಿಸಿತ್ತು. ಮೇಲೆ ಹೋದದ್ದು ನಾನು, ಭಾವ ಇಬ್ಬರೇ. ಇಪ್ಪತ್ತು ನಿಮಿಷ ಇದ್ದೆವು. ಹತ್ತು ಹೆಜ್ಜೆಗೆ ಒಮ್ಮೆ ನಿಲ್ಲಬೇಕಾಯಿತು. ಉತ್ತರಕ್ಕೆ ನಂಗಾ ಪರ್ವತ ಬೆಳ್ಳಗೆ ಕಾಣುತ್ತಿತ್ತು.

ಇವು ಕಂಡರೆ ಕಾಯಬೇಡಿ

ಸಾಮಾನ್ಯ ತಲೆನೋವು ವಿಶ್ರಾಂತಿಗೆ ಬಗ್ಗುತ್ತದೆ. ಕೆಳಗಿನವು ಹಾಗಲ್ಲ. ರಾತ್ರಿಯಾಗಲಿ, ಮಳೆಯಾಗಲಿ, ತಕ್ಷಣ ಕೆಳಗೆ ಇಳಿಸಿ ಆಸ್ಪತ್ರೆಗೆ ಒಯ್ಯಬೇಕು:

- ನಡಿಗೆ ತಪ್ಪುವುದು. ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಿ, ತೂರಾಡಿದರೆ ಅಪಾಯ.
- ಮಾತು ತೊದಲುವುದು, ಗೊಂದಲ, ಎಬ್ಬಿಸಿದರೂ ಏಳದ ಮಂಪರು. ಇವು ಮಿದುಳಿನಲ್ಲಿ ಊತ ಬಂದ ಗುರುತು.
- ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಗುಲಾಬಿ ಬಣ್ಣದ ನೊರೆ ಕಫ, ನೀಲಿಗಟ್ಟಿದ ತುಟಿ. ಇವು ಶ್ವಾಸಕೋಶದಲ್ಲಿ ನೀರು ತುಂಬಿದ ಗುರುತು. ಇದು ಹೆಚ್ಚಾಗಿ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಬರುತ್ತದೆ, ತಲೆನೋವು ಇಲ್ಲದೆಯೂ ಬರಬಹುದು.

ಜೊತೆಗೆ ಒಬ್ಬರು ಇರಲೇಬೇಕು. ಹುಷಾರಿಲ್ಲದವರನ್ನು ಒಂಟಿಯಾಗಿ ಕೋಣೆಯಲ್ಲಿ ಬಿಟ್ಟು ಉಳಿದವರು ಸುತ್ತಾಡಲು ಹೋಗಬಾರದು.

ಇನ್ನು ಕೇದಾರ

ನಮ್ಮ ಕಡೆಯವರು ಸ್ಕೀಯಿಂಗ್‌ಗೆ ಹೋಗುವುದು ಕಡಿಮೆ. ಕೇದಾರನಾಥಕ್ಕೆ ಹೋಗುವವರು ಓಣಿಗೊಬ್ಬರು. ಅಲ್ಲಿನ ರಾವಲ್ ಕರ್ನಾಟಕ ಮೂಲದ ವೀರಶೈವ ಪರಂಪರೆಯವರು, ಪಂಚಪೀಠಗಳಲ್ಲಿ ಒಂದು ಕೇದಾರ ಪೀಠ. ಹಾಗಾಗಿ ಈ ಭಾಗದ ಹಿರಿಯರಿಗೆ ಅದು ದೂರದ ಊರು ಅನಿಸುವುದೇ ಇಲ್ಲ. ಆದರೆ ಕೇದಾರನಾಥ 3,583 ಮೀಟರ್, ಗುಲ್ಮಾರ್ಗ್‌ಗಿಂತ ಸಾವಿರದಷ್ಟು ಮೇಲೆ. ಗೌರಿಕುಂಡದಿಂದ ಹದಿನಾರು ಕಿಲೋಮೀಟರ್ ಹತ್ತಿದರೆ ಒಂದೇ ದಿನದಲ್ಲಿ 1,600 ಮೀಟರ್ ಏರಿದಂತೆ. ಫಾಟಾದಿಂದ ಹೆಲಿಕಾಪ್ಟರ್ ಹತ್ತಿದರೆ ಅದಕ್ಕೂ ಹೆಚ್ಚು, ಅದೂ ಹತ್ತು ನಿಮಿಷದ ಆಸುಪಾಸಿನಲ್ಲಿ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಎಂಬ ವೈದ್ಯರ ನಿಯಮದ ಪಕ್ಕ ಇಟ್ಟು ನೋಡಿ. ಪ್ರತಿ ವರ್ಷ ಯಾತ್ರೆ ಶುರುವಾದ ಮೊದಲ ವಾರಗಳಲ್ಲೇ ಹಿರಿಯರ ಸಾವಿನ ಸುದ್ದಿ ಯಾಕೆ ಬರುತ್ತದೆ ಎಂದು ಅರ್ಥವಾಗುತ್ತದೆ.

ಹೋಗಬೇಡಿ ಎನ್ನುತ್ತಿಲ್ಲ. ಮೂರು ದಿನದ ಪ್ಯಾಕೇಜನ್ನು ಆರು ದಿನ ಮಾಡಿ ಎನ್ನುತ್ತಿದ್ದೇನೆ. ಗುಪ್ತಕಾಶಿಯಲ್ಲಿ ಒಂದು ರಾತ್ರಿ, ಗೌರಿಕುಂಡ ಅಥವಾ ಸೋನ್‌ಪ್ರಯಾಗದಲ್ಲಿ ಒಂದು ರಾತ್ರಿ. ಹೆಲಿಕಾಪ್ಟರ್‌ನಲ್ಲಿ ಹೋದವರು ದರ್ಶನ ಮಾಡಿ ಅದೇ ದಿನ ಇಳಿಯಲಿ. ಹೊರಡುವ ತಿಂಗಳು ಮೊದಲೇ ಊರಲ್ಲಿ ಡಾಕ್ಟರ್ ಹತ್ತಿರ ಹೋಗಿ ಬಿ.ಪಿ., ಶುಗರ್, ಹೃದಯ ತೋರಿಸಲಿ. ‘ತಲಿ ನೋಯ್ಲತ್ತದ’ ಎಂದು ಹೇಳಿದರೆ ಯಾತ್ರೆ ತಪ್ಪುತ್ತದೆ ಎಂಬ ಭಯ ಹಿರಿಯರಿಗೆ ಬಾರದಂತೆ ಜೊತೆಯವರು ನೋಡಿಕೊಳ್ಳಲಿ. ಒಂದು ದಿನ ತಡ ಮಾಡಿಯಾದರೂ ದರ್ಶನ ಮಾಡಿಸುತ್ತೇವೆ ಎಂದು ಮೊದಲೇ ಮಾತು ಕೊಟ್ಟುಬಿಡಲಿ.

ಅಪ್ಪ ಮೇ ತಿಂಗಳ ಯಾತ್ರೆಗೆ ಹೆಸರು ಬರೆಸುವ ಯೋಚನೆಯಲ್ಲಿದ್ದಾರೆ. ಮತ್ತೆ ಡಾಕ್ಟರ್ ಹತ್ತಿರ ಹೋಗಿದ್ದೆವು, ಈ ಸಲ ಎಕೋ ಮಾಡಿಸಲು ಹೇಳಿದ್ದಾರೆ. ವರದಿ ಬಂದ ಮೇಲೆ ಹೌದೋ ಅಲ್ಲವೋ ಎಂಬ ನಿರ್ಧಾರ. ಹೌದು ಎಂದರೆ, ದಾರಿಯಲ್ಲಿ ಎಷ್ಟು ರಾತ್ರಿ ತಂಗಬೇಕು ಎಂಬ ಪಟ್ಟಿಯನ್ನು ಅಕ್ಕ ಈಗಾಗಲೇ ಬರೆದಿಟ್ಟಿದ್ದಾಳೆ.